ಕುಂಕುಮ ಕಾಣದ ಗಾಜು

ಹಾಡಹಗಲಲ್ಲಿ ಚುಕ್ಕೆ ನೋಡುವವನು ಎಂದು ಇಳಕಲ್ಲಿನ ನಮ್ಮ ಓಣಿಯಲ್ಲಿ ನನಗೆ ಹೆಸರು ಬಿದ್ದಿದೆ. ಇದು ಹೊಗಳಿಕೆಯಲ್ಲ ಎಂಬುದು ನನಗೆ ಗೊತ್ತು. ನನ್ನದು ಚಷ್ಮಾದ ಅಂಗಡಿ. ಮಧ್ಯಾಹ್ನ ಒಂದೂವರೆಗೆ ಬಾಗಿಲು ಎಳೆದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಆ ಹೊತ್ತಿನಲ್ಲಿ ಊರೆಲ್ಲ ರೊಟ್ಟಿ ಉಂಡು ಅಡ್ಡಾಗುತ್ತದೆ, ನಾನು ಮಾಳಿಗೆ ಹತ್ತಿ ದುರ್ಬೀನಿನ ಬುಡಕ್ಕೆ ಕೂಡುತ್ತೇನೆ. ರಾತ್ರಿ ಯಾಕೆ ನೋಡುವುದಿಲ್ಲ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಎಂದೋ ಬಿಟ್ಟಿದ್ದೇನೆ. ನನಗೆ ಬೇಕಾದದ್ದು ಶುಕ್ರ, ನಮ್ಮವರು ಬೆಳ್ಳಿಚುಕ್ಕಿ ಎನ್ನುವ ಗ್ರಹ. ಕತ್ತಲಾಗುವ ಹೊತ್ತಿಗೆ ಅವನು ಕೆಳಗಿಳಿದು ಊರಿನ ಹೊಗೆಯಲ್ಲಿ, ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳ ಧೂಳಿನಲ್ಲಿ ಕದಡಿಹೋಗಿರುತ್ತಾನೆ. ನಡುಮಧ್ಯಾಹ್ನ ನೆತ್ತಿಯ ಹತ್ತಿರ ಇರುವಾಗಲೇ ಹಿಡಿಯಬೇಕು. ಇಷ್ಟು ಸರಳ ಮಾತು ಈ ಊರಿನಲ್ಲಿ ಯಾರ ತಲೆಗೂ ಹೋಗುವುದಿಲ್ಲ.

ಹಗಲಲ್ಲಿ ಹಿಡಿಯುವುದಕ್ಕೆ ತೊಂದರೆಗಳೂ ಇವೆ. ಆಕಾಶ ಬೆಳ್ಳಗೆ ಉರಿಯುತ್ತಿರುತ್ತದೆ, ಗ್ರಹ ಅದರಲ್ಲಿ ಕಳೆದುಹೋಗುತ್ತದೆ. ಮೇಲಾಗಿ ನಮ್ಮ ಬಿಸಿಲಿಗೆ ಕಾದ ಗಾಳಿ, ಕುದಿಯುವ ಎಸರಿನ ಮೇಲಿನಿಂದ ನೋಡಿದ ಹಾಗೆ, ಚಿತ್ರವನ್ನು ನಡುಗಿಸುತ್ತದೆ. ಎರಡಕ್ಕೂ ಮದ್ದು ಒಂದೇ, ಅವಕೆಂಪು ಫಿಲ್ಟರ್. ಅಂಗೈಗಿಂತ ಸಣ್ಣ ದುಂಡನೆಯ ಗಾಜು. ಕೈಯಲ್ಲಿ ಹಿಡಿದು ನೋಡಿದರೆ ಕರ್ರಗೆ ಕಾಣುತ್ತದೆ, ಯಾಕೆಂದರೆ ನಮ್ಮ ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಅದು ತಡೆಯುತ್ತದೆ. ಕೆಂಪಿನ ಆಚೆಗಿನ, ನಮಗೆ ಕಾಣದ ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ಆ ಬೆಳಕಿನಲ್ಲಿ ಹಗಲಿನ ಆಕಾಶ ಕಪ್ಪು, ಗಾಳಿಯ ನಡುಕ ಅರ್ಧಕ್ಕರ್ಧ ಕಡಿಮೆ. ಆ ಬೆಳಕನ್ನು ಹಿಡಿಯುವ ಕ್ಯಾಮೆರಾವನ್ನು ದುರ್ಬೀನಿಗೆ ಕಚ್ಚಿಸಿ ಸಾವಿರಾರು ಚಿತ್ರ ತೆಗೆದು, ನಡುಗಿದವನ್ನು ಬಿಸಾಕಿ, ನೆಟ್ಟಗಿದ್ದವನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿದರೆ ಒಂದು ಶುಕ್ರ ಹುಟ್ಟುತ್ತಾನೆ. ಬಣ್ಣವಿಲ್ಲ. ಕಪ್ಪಿನ ಮೇಲೆ ಒಂದು ಬಿಳಿ ಹೋಳು, ಅಷ್ಟೇ. ಅದಕ್ಕಾಗಿ ಇಷ್ಟು ಕಷ್ಟವೇ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು, ಮತ್ತೆ ಕೇಳಲಿಲ್ಲ.

ನಮ್ಮದು ನೇಕಾರರ ಮನೆ. ಕೆಳಗಿನ ಮನೆ ಅಣ್ಣನದು, ಅವನ ಕುಣಿಮಗ್ಗ ಒಳಗಿನ ಖೋಲಿಯಲ್ಲಿದೆ. ರಸ್ತೆಯ ಕಡೆಗಿನ ತುಂಡು ನನ್ನ ಅಂಗಡಿ, ಮೇಲಿನ ಅಂತಸ್ತು ನನ್ನ ಸಂಸಾರಕ್ಕೆ. ಅದರ ಮೇಲಿನ ಬಯಲು ಮಾಳಿಗೆ ಇಬ್ಬರದ್ದೂ. ಅಣ್ಣ ನನಗಿಂತ ಹದಿನೈದು ವರ್ಷ ದೊಡ್ಡವನು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಆ ವರ್ಷವೇ ಅವನ ಮದುವೆ ಮಾಡಿದರು, ಮನೆಗೆ ಒಲೆ ಹಚ್ಚುವವರು ಬೇಕಲ್ಲ. ಹಾಗೆ ಬಂದವಳು ವೈನಿ. ಅಣ್ಣನ ಹೆಂಡತಿಯನ್ನು ನಾವು ಹಾಗೆ ಕರೆಯುತ್ತೇವೆ. ಬೇರೆ ಮನೆಗಳಲ್ಲಿ ವೈನಿಗೆ ರೀ ಹಚ್ಚಿ ಮಾತಾಡುತ್ತಾರೆ, ನಾನು ಅವ್ವನಿಗೆ ಅಂದಂತೆ ನೀ ಎನ್ನುತ್ತೇನೆ. ಹಾಸಿಗೆಯಲ್ಲಿ ಉಚ್ಚೆ ಹೊಯ್ದದ್ದನ್ನು ಯಾರಿಗೂ ಹೇಳದೆ ಒಗೆದವಳಿಗೆ ರೀ ಹಚ್ಚಲು ನನ್ನಿಂದ ಆಗಲಿಲ್ಲ. ಅವಳು ನನ್ನನ್ನು ತಮ್ಮಾ ಎನ್ನುತ್ತಿದ್ದಳು. ಎನ್ನುತ್ತಿದ್ದಳು ಎಂದು ಬರೆಯಬೇಕಾಗಿ ಬಂದಿದೆ, ಅವಳು ಇನ್ನೂ ಗಟ್ಟಿಮುಟ್ಟಾಗಿ ಕೆಳಗಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುವಾಗಲೇ.

ಫಿಲ್ಟರ್ ಬಂದದ್ದು ಹೋದ ವರ್ಷ ಸಂಕ್ರಾಂತಿಯ ಹಿಂದಿನ ದಿನ. ಹಬ್ಬದ ಮಧ್ಯಾಹ್ನ ಉಂಡವನೇ ಮಾಳಿಗೆ ಹತ್ತಿದೆ. ಶುಕ್ರ ಇನ್ನೂ ಗೋಡೆಯ ಮರೆಯಲ್ಲಿದ್ದ, ನನಗೆ ತಾಳ್ಮೆ ಇರಲಿಲ್ಲ. ಕಳಿಸಿದ ಗಾಜು ಖರೆಯೋ, ಬರೀ ಕಪ್ಪು ಬಳಿದ ಸುಳ್ಳು ಗಾಜೋ ನೋಡಿಬಿಡೋಣ ಎಂದು ಕ್ಯಾಮೆರಾಕ್ಕೆ ಒಂದು ಸಣ್ಣ ಲೆನ್ಸ್ ಹಚ್ಚಿ ಅದರ ಮುಂದೆ ಫಿಲ್ಟರ್ ಇಟ್ಟೆ. ಆಗಲೇ ವೈನಿ ಒಣಹಾಕಿದ್ದ ಎಳ್ಳು ಎತ್ತಿಕೊಳ್ಳಲು ಮೇಲೆ ಬಂದಳು. ಹಬ್ಬಕ್ಕೆಂದು ಕರಿ ಚಂದ್ರಕಾಳಿ ಸೀರೆ ಉಟ್ಟಿದ್ದಳು, ಅಣ್ಣನೇ ಅವಳಿಗಾಗಿ ನೇಯ್ದದ್ದು. ಕಪ್ಪು ಮೈ, ಕೆಂಪು ರೇಷ್ಮೆಯ ಸೆರಗು, ಸೆರಗಿನಲ್ಲಿ ಬಿಳಿ ಟೋಪ್ ತೆನಿ, ಅಂದರೆ ನಮ್ಮೂರ ಸೆರಗಿನ ಹಲ್ಲುಹಲ್ಲಾದ ಕಸೂತಿಯಂಥ ನೇಯ್ಗೆ. ಅದನ್ನು ನೇಯುವಾಗ ಅಣ್ಣ ಯಾರ ಜೊತೆಗೂ ಮಾತಾಡುವುದಿಲ್ಲ, ಎಳೆ ತಪ್ಪುತ್ತದೆ ಎಂದು.

"ವೈನಿ, ಅಲ್ಲೇ ಸ್ವಲ್ಪ ನಿಂದ್ರು. ಒಂದು ಫೋಟೋ ತಗೀತೇನಿ," ಎಂದೆ.

"ಯಾಕೋ ತಮ್ಮಾ, ಇವತ್ತ ಚುಕ್ಕಿ ಮುನಿಸಿಕೊಂಡಾವೇನ?" ಎಂದು ನಕ್ಕಳು. ನಕ್ಕರೂ ನಿಂತಳು. ಸೆರಗು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು, ಕೊರಳಿನ ಗುಳದಾಳಿ, ಅಂದರೆ ತಾಳಿಸರ, ಅದರೊಳಗೆ ಮರೆಯಾಯಿತು. ಆಮೇಲೆ ಬೆರಳಿನಿಂದ ಹಣೆ ಮುಟ್ಟಿ ನೋಡಿಕೊಂಡು ಕೇಳಿದಳು, "ಕುಂಕುಮ ಸರಿ ಐತೇನೋ? ಬೆವರಿಗೆ ಹರದಿರಬೇಕು."

"ಭಾಳ ಚಲೋ ಐತಿ."

ಲ್ಯಾಪ್‌ಟಾಪಿನಲ್ಲಿ ಚಿತ್ರ ಬಂತು. ಗಾಜು ಖರೆಯದಾಗಿತ್ತು. ಆಕಾಶ ಕರ್ರಗಾಗಿತ್ತು. ಕುಂಡದ ತುಳಸಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಚಿತ್ರದ ನಡುವೆ ಯಾರಿದ್ದಾರೆ ಎಂಬುದನ್ನೇ ನಾನು ನೋಡಲಿಲ್ಲ. "ಬಾ, ಇಲ್ಲಿ ನೋಡು ಬಾ!" ಎಂದು ಅವಳನ್ನು ಕರೆದು ಪರದೆಯ ಮುಂದೆ ನಿಲ್ಲಿಸಿದೆ.

ಅವಳು ಬಗ್ಗಿ ನೋಡಿದಳು. "ಇಕಿ ಯಾರೋ?" ಎಂದಳು.

ಆಗ ನಾನೂ ನೋಡಿದೆ. ಬಟ್ಟೆಗೆ ಹಾಕುವ ಬಣ್ಣಗಳು ನಮ್ಮ ಕಣ್ಣಿಗಾಗಿ ಹಾಕಿದವು, ಆ ಗಾಜಿನ ಬೆಳಕಿನಲ್ಲಿ ಅವುಗಳ ಆಟ ನಡೆಯುವುದಿಲ್ಲ. ಕರಿ ಸೀರೆ ಬಿಳಿ ಸೀರೆಯಾಗಿತ್ತು. ಸೆರಗಿನ ಕೆಂಪೂ ಬಿಳಿಯಾಗಿ, ತೆನಿ ಅದರೊಳಗೇ ಅಡಗಿಹೋಗಿತ್ತು. ಮುಖ ಮೇಣದಂತೆ ಪೇಲವ. ಹಣೆಯ ಮೇಲೆ ಕುಂಕುಮ ಇರಲಿಲ್ಲ, ಮಸುಕಾಗಿಯೂ ಇರಲಿಲ್ಲ. ಮುಂಜಾನೆ ಮೂರು ಬೆರಳಿನಿಂದ ಎಳೆದುಕೊಂಡಿದ್ದ ವಿಭೂತಿ ಮಾತ್ರ ತೆಳ್ಳಗೆ ಉಳಿದಿತ್ತು. ಬಿಳಿ ಸೀರೆ, ಬರೀ ವಿಭೂತಿಯ ಹಣೆ. ನಮ್ಮ ಓಣಿಯಲ್ಲಿ ಅಂಥ ಹಣೆ ಯಾರದೆಂದು ಮಕ್ಕಳಿಗೂ ಗೊತ್ತು.

"ನೀನ ವೈನಿ," ಎಂದು ನಾನು ನಕ್ಕುಬಿಟ್ಟೆ. ನಾನು ಕೆಟ್ಟದ್ದು ಅಲ್ಲಿ. ಚಿತ್ರದಿಂದಲ್ಲ, ನಗುವಿನಿಂದ.

ಯಾಕೆಂದರೆ ಅಣ್ಣನ ಎದೆಯ ರಕ್ತನಾಳಗಳು ಕಟ್ಟಿಕೊಂಡಿದ್ದವು. ಬಾಗಲಕೋಟೆಯ ದವಾಖಾನೆಯಲ್ಲಿ ಎದೆ ತೆರೆದು ಆಪರೇಷನ್ ಮಾಡಬೇಕೆಂದು ಹೇಳಿ, ಸಂಕ್ರಾಂತಿ ಕಳೆದು ಎರಡನೆಯ ಸೋಮವಾರಕ್ಕೆ ದಿನ ಕೊಟ್ಟಿದ್ದರು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಎಲ್ಲರ ತಲೆಯಲ್ಲಿ ಅದೇ ಇತ್ತು. ನನ್ನ ತಲೆಯಲ್ಲೂ ಇತ್ತು ಎಂದುಕೊಂಡಿದ್ದೆ. ಆ ಗಳಿಗೆಯಲ್ಲಿ ಇರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಳ್ಳೆಯ ಫಿಲ್ಟರ್.

"ತೆಗದಬಿಡೋ ಅದನ್ನ," ಎಂದಳು ವೈನಿ. ದನಿ ಸಣ್ಣದಾಗಿತ್ತು.

ಸುಮ್ಮನೆ ಅಳಿಸಿದ್ದರೆ ಆಗುತ್ತಿತ್ತು. ನನಗೆ ಪಾಠ ಮಾಡುವ ಚಟ. ಚಷ್ಮಾ ಹಾಕಿಸಿಕೊಳ್ಳಲು ಬಂದವರಿಗೂ ಕಣ್ಣಿನ ಒಳಗೆ ಏನೇನಿದೆ ಎಂದು ಕಾಲು ತಾಸು ಹೇಳಿಯೇ ಕಳಿಸುವವನು. ಎಳ್ಳಿನ ಮೊರ ಹಿಡಿದು ಬಿಸಿಲಿನಲ್ಲಿ ನಿಂತವಳಿಗೆ ಬೆಳಕು ಅಂದರೇನು, ಬಣ್ಣ ಅಂದರೇನು ಎಂದೆಲ್ಲ ಹೇಳಿದೆ. ಕಡೆಗೆ ಜಾಣತನದ ಮಾತೊಂದನ್ನೂ ಸೇರಿಸಿದೆ, "ಮುತ್ತೈದ್ಯಾರ ಫೋಟೋಕ್ಕ ಈ ಗಾಜ ನಡಿಯಂಗಿಲ್ಲ ಬಿಡು." ಅವಳು ಮೊರ ಸೊಂಟಕ್ಕೆ ಇಟ್ಟುಕೊಂಡು ಕೆಳಗಿಳಿದು ಹೋದಳು. ನಾನು ಶುಕ್ರನ ಕಡೆಗೆ ತಿರುಗಿದೆ. ಅವತ್ತು ಅವನು ಸರಿಯಾಗಿ ಅರ್ಧ ಹೋಳಾಗಿ ಸಿಕ್ಕಿದ. ಅಷ್ಟು ಚೊಕ್ಕ ಚಿತ್ರ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಮರುದಿನ ಅವಳು ಅಡುಗೆ ಮಾಡಲಿಲ್ಲ, ತಲೆನೋವು ಎಂದು ಮಲಗಿದ್ದಳು. ನನ್ನ ಹೆಂಡತಿ ಮೇಲೆ ಬಂದು, "ಅಕ್ಕಾರಿಗೆ ಏನ ತೋರಿಸೀರಿ ನೀವು?" ಎಂದು ಗದರಿದಳು. ಹೇಳಿದೆ. ಅವಳು ತಲೆಗೆ ಕೈ ಹಚ್ಚಿಕೊಂಡು ಕೂತಳು. "ನಿಮಗ ಬುದ್ಧಿ ಯಾವಾಗ ಬರತೈತ್ರಿ? ಹೋಗಿ ಕಾಲ ಹಿಡೀರಿ."

ಕಾಲು ಹಿಡಿಯುವ ಬದಲು ನಾನು ಪುರಾವೆ ತಂದೆ. ಇದು ನನ್ನ ಸ್ವಭಾವ, ಇದಕ್ಕೆ ಯಾರನ್ನೂ ಬೈಯುವಂತಿಲ್ಲ. ದೇವರ ಮುಂದಿನ ಕುಂಕುಮದ ಬಟ್ಟಲನ್ನು ಎತ್ತಿಕೊಂಡು ಮಾಳಿಗೆಗೆ ಹೋದೆ. ಒಂದು ಬಿಳಿ ತಾಟಿನಲ್ಲಿ ಕುಂಕುಮ, ಇನ್ನೊಂದರಲ್ಲಿ ಅಕ್ಕಿಹಿಟ್ಟು ಇಟ್ಟು ಫೋಟೋ ತೆಗೆದೆ, ಎರಡೂ ಒಂದೇ ಬಿಳಿ. ಹಗ್ಗದ ಮೇಲಿದ್ದ ಅದೇ ಚಂದ್ರಕಾಳಿಯ ಫೋಟೋ ತೆಗೆದೆ. ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಜೋಡಿಸಿಕೊಂಡು ಕೆಳಗೆ ಹೋಗಿ, ಮಗ್ಗದಲ್ಲಿ ಕೂತಿದ್ದ ಅಣ್ಣನಿಗೂ ಬಾಗಿಲ ಬಳಿ ಗೋಡೆಗೆ ಆತು ಕೂತಿದ್ದ ವೈನಿಗೂ ಒಟ್ಟಿಗೇ ತೋರಿಸಿದೆ. ಮೊದಲನೆಯ ಚಿತ್ರವನ್ನೂ ತೋರಿಸಿದೆ, ಹೋಲಿಸಿ ನೋಡಲಿ ಎಂದು. ಗಂಡನಿಗೆ ಅವನ ಹೆಂಡತಿಯ ಬರಿ ಹಣೆ ತೋರಿಸಿದ ಮಹಾನುಭಾವ ನಾನು.

ಅಣ್ಣ ಬಹಳ ಹೊತ್ತು ನೋಡಿದ. ಅವನು ಹಣೆ ನೋಡಲಿಲ್ಲ, ಸೆರಗು ನೋಡಿದ. "ತೆನಿ ಎಲ್ಲಿ ಹೋದುವಲೇ?" ಎಂದ.

"ಹೋಗಿಲ್ಲಣ್ಣ, ಅದಾವು. ಈ ಗಾಜಿಗೆ ಕಾಣಂಗಿಲ್ಲ."

"ನಾ ನೇಯ್ದದ್ದು ಕಾಣಂಗಿಲ್ಲ, ಅಕಿ ಹಚ್ಚಿಕೊಂಡದ್ದು ಕಾಣಂಗಿಲ್ಲ. ಏನ ಕಾಣತೈತಿ ಮತ್ತ ಇದಕ್ಕ?" ಎಂದು ಅವನು ಮತ್ತೆ ಲಾಳಿ ಎತ್ತಿಕೊಂಡ. ಅದಕ್ಕೆ ನನ್ನ ಬಳಿ ಉತ್ತರ ಇತ್ತು, ಶುಕ್ರನ ಮೋಡಗಳ ಬಗ್ಗೆ. ಆ ಹೊತ್ತಿನಲ್ಲಿ ಅದನ್ನು ಹೇಳದೆ ಇರುವಷ್ಟು ಬುದ್ಧಿಯಾದರೂ ಬಂದಿತ್ತು. ವೈನಿ ಎದ್ದು, ನನ್ನ ಕೈಯಿಂದ ಕುಂಕುಮದ ಬಟ್ಟಲು ಇಸಿದುಕೊಂಡು ಒಳಗೆ ಹೋದಳು. ಅದು ದೇವರ ಬಟ್ಟಲು ಎಂಬುದು ನನಗೆ ಆಗ ನೆನಪಾಯಿತು.

ಆ ಶುಕ್ರವಾರ ಅವಳು ನಸುಕಿನ ಬಸ್ಸಿಗೆ ಬಾದಾಮಿ ಕಡೆ ಹೊರಟಳು. ಚೊಳಚಗುಡ್ಡದ ಬನಶಂಕರಿ ನಮ್ಮ ಮನೆದೇವರು. ಅಕ್ಕಿ, ಕಾಯಿ, ಗುಳೇದಗುಡ್ಡದ ಖಣ ಕಟ್ಟಿಕೊಂಡು ದೇವಿಗೆ ಉಡಿ ತುಂಬಲು ಒಬ್ಬಳೇ ಹೋದಳು. "ನಾ ಬರ್ತೇನಿ, ಬೈಕ್ ಮ್ಯಾಲ ಹೋಗೂಣು," ಎಂದೆ. "ಬ್ಯಾಡ ತಮ್ಮಾ, ನೀ ಅಂಗಡಿ ನೋಡ್ಕೋ," ಎಂದಳು. ಕೊನೆಯ ಮಾತು ಅದು. ಅದಕ್ಕೊಂದು ವಿಶೇಷ ಇರಬಾರದಿತ್ತೇ ಎಂದು ಈಗ ಅನಿಸುತ್ತದೆ. ಅಂಗಡಿ ನೋಡ್ಕೋ ಎನ್ನುವುದು ದಿನಾ ಹೇಳುವ ಮಾತು.

ಸಂಜೆ ಬಂದವಳು ಗುಡಿಯಿಂದ ತಂದ ಅಂಗಾರವನ್ನು ಎಲ್ಲರ ಹಣೆಗೆ ಹಚ್ಚಿದಳು, ನನ್ನ ಹಣೆಗೂ. "ಗದ್ದಲ ಇತ್ತೇನ ವೈನಿ?" ಎಂದೆ. ಅವಳು ಮುಂದಿನ ಖೋಲಿಗೆ ಹೋದಳು. ದಣಿದಿದ್ದಾಳೆ ಎಂದುಕೊಂಡೆ. ಮರುದಿನ ಕೇಳಿದ್ದಕ್ಕೂ ಉತ್ತರ ಇಲ್ಲ. ಮೂರನೆಯ ದಿನ ನನಗೆ ತಿಳಿಯಿತು, ಇದು ದಣಿವಲ್ಲ.

ದವಾಖಾನೆಯಲ್ಲಿ ಆಪರೇಷನ್ನಿನ ದಿನ ನಾವಿಬ್ಬರೇ ಹೊರಗೆ ಕೂತಿದ್ದೆವು. ಒಂದೇ ಬಾಕಿನ ಮೇಲೆ ಕೂತಿದ್ದೆವು, ನಡುವೆ ಅವಳ ಕೈಚೀಲ. ನಾನು ಚಹಾ ತಂದು ಕೊಟ್ಟರೆ ಇಸಿದುಕೊಂಡಳು, ಕುಡಿದಳು, ಕಪ್ಪನ್ನು ನನ್ನ ಕೈಯಲ್ಲೇ ಇಟ್ಟಳು. ಒಂದು ಮಾತಿಲ್ಲ. ಐದು ತಾಸು. ಅಣ್ಣ ಒಳಗೆ ಎದೆ ಸೀಳಿಸಿಕೊಂಡು ಮಲಗಿದ್ದ, ಹೊರಗೆ ಅವನ ತಮ್ಮ ಒಂದು ಮಾತಿಗಾಗಿ ಹೊಂಚು ಹಾಕುತ್ತಿದ್ದ. ಡಾಕ್ಟರು ಬಂದು ಎಲ್ಲ ಸುಸೂತ್ರ ಆಯಿತು ಎಂದಾಗ ಅವಳು ಅತ್ತಳು. ನಾನೂ ಅತ್ತೆ. ಅವಳ ಭುಜದ ಮೇಲೆ ಕೈಯಿಟ್ಟು, "ನೋಡಿದೇನ, ಆ ಫೋಟೋ ಸುಳ್ಳಾತಿಲ್ಲೋ?" ಎಂದೆ. ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಒತ್ತಿ ಹಿಡಿದು, ಬಿಟ್ಟು, ಎದ್ದು ಹೋದಳು. ಇದು ಸಿಟ್ಟೋ ಏನೋ ನನಗೆ ಅರ್ಥವಾಗಲಿಲ್ಲ. ಸಿಟ್ಟೇ ಎಂದು ತೀರ್ಮಾನ ಮಾಡಿದೆ. ಅರ್ಥವಾಗದ್ದಕ್ಕೆಲ್ಲ ಸಿಟ್ಟು ಎಂದು ಹೆಸರಿಡುವುದು ನನಗೆ ಸುಲಭ, ನನ್ನೊಳಗೆ ಅದರ ದಾಸ್ತಾನು ಸಾಕಷ್ಟಿದೆ.

ಆಮೇಲಿನ ತಿಂಗಳುಗಳನ್ನು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ಅಣ್ಣ ಚೇತರಿಸಿಕೊಂಡ, ಬೇಸಿಗೆಯ ಹೊತ್ತಿಗೆ ಮಗ್ಗಕ್ಕೂ ಇಳಿದ. ವೈನಿ ಮೊದಲಿನಂತೆಯೇ ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಒಂದು ಬಟ್ಟಲು ಮೇಲೆ ಕಳಿಸುತ್ತಿದ್ದಳು. ಮೆಟ್ಟಿಲ ಮೇಲೆ ಎದುರಾದರೆ ಸರಿದು ದಾರಿ ಕೊಡುತ್ತಿದ್ದಳು. ಮಾತಿಲ್ಲ. ನಾನೂ ಬಿಟ್ಟೆ. ಬಿಟ್ಟೆ ಅಂದರೆ ಬರೀ ಸುಮ್ಮನಿರಲಿಲ್ಲ, ಕೇಳಿಸುವಂತೆ ಬಿಟ್ಟೆ. ಅವಳು ಮಾಳಿಗೆಗೆ ಬಂದಾಗ ಬೇಕೆಂದೇ ಹೆಂಡತಿಯನ್ನು ಕೂಗಿ, "ಬಿಸಿಲಿಗೆ ಕರೀ ಬಟ್ಟಿ ಹಾಕಬ್ಯಾಡ್ರಿ, ನನ್ನ ಗಾಜಿಗೆ ದೋಷ ಬಡೀತೈತಿ," ಎನ್ನುತ್ತಿದ್ದೆ. ಕಳಿಸಿದ ಎಣ್ಣೆಗಾಯಿಯನ್ನು ಎರಡು ಸಲ ಹಾಗೆಯೇ ತಿರುಗಿ ಕಳಿಸಿದೆ. ನಲವತ್ತು ದಾಟಿ ಎಷ್ಟೋ ವರ್ಷವಾದ ಗಂಡಸು, ಮೊದಲು ನೀ ಮಾತಾಡು ಎಂದು ಹಟ ಹಿಡಿದು ಕೂತಿದ್ದೆ. ಎರಡನೆಯ ಸಲ ಬಟ್ಟಲು ತಿರುಗಿ ಹೋದಾಗ ಅವಳು ಅದನ್ನು ದನಕ್ಕೆ ಹಾಕಿದ್ದನ್ನು ಮೇಲಿನಿಂದ ನೋಡಿದೆ.

ಆ ದಿನಗಳಲ್ಲೇ ಶುಕ್ರ ನನಗೆ ಹಿಂದೆಂದೂ ಸಿಗದಂತೆ ಸಿಕ್ಕಿದ. ಭೂಮಿಗೆ ಹತ್ತಿರ ಬರುತ್ತ ದಿನದಿಂದ ದಿನಕ್ಕೆ ದೊಡ್ಡದಾಗುತ್ತ ತೆಳ್ಳಗಾಗುತ್ತ ಹೋದ, ಕಡೆಗೆ ಉಗುರಿನ ತುದಿ ಕತ್ತರಿಸಿದಂಥ ಒಂದು ಬಿಳಿ ಗೆರೆ. ಬೆಂಕಿಯಂಥ ಮಧ್ಯಾಹ್ನ ಅದನ್ನು ಹಿಡಿದೆ. ನನ್ನಂಥ ಹುಚ್ಚರದ್ದೇ ಒಂದು ಗುಂಪು ಫೋನಿನಲ್ಲಿದೆ, ಅದರಲ್ಲಿ ಹಾಕಿದರೆ ಎಲ್ಲರೂ ಹೊಗಳಿದರು. ಹಗಲಿನಲ್ಲಿ ಇಷ್ಟು ಸ್ಥಿರವಾಗಿ ಹೇಗೆ ತೆಗೆದಿರಿ ಎಂದು ಯಾರೋ ಕೇಳಿದರು. ಒಳ್ಳೆಯ ಫಿಲ್ಟರ್ ಎಂದು ಬರೆದೆ. ಬರೆದು ಫೋನನ್ನು ಮಂಚದ ಮೇಲೆ ಎಸೆದೆ. ಮನೆಯಲ್ಲಿ ತೋರಿಸುವುದಕ್ಕೆ ಒಬ್ಬರೂ ಇರಲಿಲ್ಲ. ಮೊದಲಾದರೆ ಎಂಥ ಚಿತ್ರವಾದರೂ ಮೊದಲು ಕೆಳಗೆ ಓಡುತ್ತಿದ್ದೆ. ವೈನಿಗೆ ಏನೂ ತಿಳಿಯುತ್ತಿರಲಿಲ್ಲ, "ಭಾಳ ಚಂದ ಐತಿ ತಮ್ಮಾ, ಉಂಡಿಯೇನು?" ಎನ್ನುತ್ತಿದ್ದಳು. ಆ ಒಂದು ವಿಮರ್ಶೆ ನನಗೆ ಸಾಕಿತ್ತು.

ಮಳೆಗಾಲ ಬಂತು, ದುರ್ಬೀನಿಗೆ ತಾಡಪತ್ರಿ ಹೊದಿಸಿದೆ. ಒಂದು ದಿನ ಅಣ್ಣನ ಬಳಿ ಹೋಗಿ ಮಗ್ಗದ ಕುಣಿಯ ಅಂಚಿನಲ್ಲಿ ಕೂತು ಹೇಳಿಯೇಬಿಟ್ಟೆ, "ಒಂದು ಫೋಟೋಕ್ಕ ಇಷ್ಟು ದಿನ ಸಿಟ್ಟೇನಣ್ಣ? ನಾ ಏನ ಕೊಲಿ ಮಾಡೇನೇನು? ನಾ ಬ್ಯಾರೆ ಮನಿ ನೋಡ್ತೇನಿ."

ಅಣ್ಣ ಲಾಳಿ ನಿಲ್ಲಿಸಿದ. ವೈನಿ ಸಂತೆಗೆ ಹೋಗಿದ್ದಳು, ಆದರೂ ಬಾಗಿಲ ಕಡೆ ಒಮ್ಮೆ ನೋಡಿದ. "ಅಕಿಗೆ ನಿನ್ನ ಮ್ಯಾಲ ಸಿಟ್ಟಿಲ್ಲೋ ಹುಚ್ಚಾ," ಎಂದ. "ಬನಶಂಕರಿ ಮುಂದ ನಿನ್ನ ಬಿಟ್ಟ ಬಂದಾಳ."

ನನಗೆ ತಿಳಿಯಲಿಲ್ಲ. ಅವನು ಬಿಡಿಸಿ ಹೇಳಿದ. ಕಾಶಿಗೆ ಹೋದವರು ಇಷ್ಟದ ಹಣ್ಣನ್ನೋ ಕಾಯಿಪಲ್ಯವನ್ನೋ ಬಿಟ್ಟು ಬರುತ್ತಾರಲ್ಲ, ಹಾಗೆ ಅವಳೂ ಬಿಡುತ್ತೇನೆಂದು ಹರಕೆ ಹೊತ್ತಳಂತೆ. ತನಗೆ ಬಹಳ ಬೇಕಾದದ್ದು ಒಂದನ್ನು ಬಿಡುತ್ತೇನೆ, ಗಂಡನನ್ನು ನನಗೆ ಉಳಿಸಿಕೊಡು ಎಂದು. "ಮೊದಲ ಚಹಾ ಬಿಡ್ತೇನಿ ಅಂದ್ಲಂತ," ಎಂದು ಅಣ್ಣ ನಕ್ಕ. "ದೇವಿ ಮಾರಿ ನೋಡಿದ್ಕೂಡ್ಲೆ ನಾಚಿಕಿ ಬಂತಂತ. ಒಂದು ಜೀವಕ್ಕ ಒಂದು ಕಪ್ ಚಹಾ ಏನು ಸಾಟಿ ಅಂತ. ಇನ್ನೇನೈತಿ ನನ್ನ ಕಡೆ ಅಂತ ವಿಚಾರ ಮಾಡಿದ್ಲಂತ. ನೀ ನೆನಪಾದೆಂತ." ಅವನ ನಗು ಅಲ್ಲಿಗೆ ನಿಂತಿತು. "ನಿನ್ನ ಕೂಡ ಮಾತು ಬಿಟ್ಟಾಳ."

ಸಂತೋಷಪಡಬೇಕಿತ್ತೇನೋ. ಮದುವೆ ಮಾಡಿ ಕೊಟ್ಟ ಹಡೆದ ಮಗಳಿಗಿಂತ, ಊರಿಗಿಂತ, ಚಿನ್ನಕ್ಕಿಂತ ಹೆಚ್ಚಿನವನು ನೀನು ಎಂದು ದೇವರ ಮುಂದೆ ಒಪ್ಪಿಕೊಂಡಿದ್ದಳು. ನನಗೆ ಬಂದದ್ದು ಮೈ ಉರಿಯುವ ಸಿಟ್ಟು. ಯಾರನ್ನು ಕೇಳಿ ಬಿಟ್ಟಳು? ನಾನೇನು ಬದನೆಕಾಯಿಯೇ? ಬಿಟ್ಟವರ ವ್ರತ ಬಿಟ್ಟವರಿಗೆ ಗೊತ್ತಿರುತ್ತದೆ, ಅವರು ಬಿಟ್ಟುಬಂದವನ ಗತಿ ಏನು? ಚಹಾಕ್ಕೆ ನೋವಾಗುವುದಿಲ್ಲ. ಆಪರೇಷನ್ ಮಾಡಿದ್ದು ಡಾಕ್ಟರು, ಉಳಿದದ್ದು ಅಣ್ಣನ ಗಟ್ಟಿ ಜೀವ, ನಡುವೆ ನನ್ನನ್ನು ಯಾಕೆ ಎಳೆದು ತಂದಳು? ಎಲ್ಲವನ್ನೂ ಅಣ್ಣನ ಮುಂದೆ ಒದರಿದೆ. ಅವನು ತಲೆ ಕೆಳಗೆ ಹಾಕಿ ಕೇಳಿಸಿಕೊಂಡ.

"ನನಗ ಮೊದ್ಲ ಯಾಕ ಹೇಳಲಿಲ್ಲ?" ಎಂದೆ.

"ಹೇಳಬ್ಯಾಡ ಅಂದಿದ್ಲು. ನಿನಗ ಗೊತ್ತಾದ್ರ ವಾದ ಮಾಡ್ತಿ ಅಂತ."

ಅದು ಖರೆ. "ಎಲ್ಲೀತನಕ ಇದು?" ಎಂದು ಕೇಳಿದೆ.

"ನಾ ಇರೋತನಕ," ಎಂದ ಅಣ್ಣ. ಮುಖ ಎತ್ತಿ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಆಗಲಿಲ್ಲ. ನಾನು ಎದ್ದು ಬಂದೆ. ಮೇಲೆ ಹೋಗಿ ಆ ಚಿತ್ರವನ್ನೂ, ಕುಂಕುಮದ ತಾಟಿನ ಚಿತ್ರಗಳನ್ನೂ ಅಳಿಸಿದೆ. ಹೊತ್ತು ಮೀರಿತ್ತು. ಬೇರೆ ಮನೆ ನೋಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ವೈನಿಗೆ ಲಾಳಿಗೆ ಹಾಕುವ ಕಂಡಿಕೆ ಸುತ್ತುವಾಗ ನೂಲಿನ ಎಳೆ ಕಾಣದಂತಾಯಿತು. ನನ್ನ ಹೆಂಡತಿ ಅವಳನ್ನು ಅಂಗಡಿಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿ, ನೀವಿಬ್ಬರೂ ಏನಾದರೂ ಮಾಡಿಕೊಳ್ಳಿ ಎನ್ನುವಂತೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಗಾಜು ಬದಲಾಯಿಸಿ ನೋಡುವ ಕಬ್ಬಿಣದ ಚೌಕಟ್ಟನ್ನು ನಾನು ವೈನಿಯ ಮೂಗಿನ ಮೇಲೆ ಇಟ್ಟೆ. ಅಷ್ಟು ಹತ್ತಿರದಿಂದ ಅವಳ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ಹಣೆಯ ತುಂಬ ಕುಂಕುಮ, ಮೊದಲಿಗಿಂತ ದೊಡ್ಡದು.

ಕಣ್ಣು ಪರೀಕ್ಷೆ ಅಂದರೆ ಮಾತು. ಇದು ಚಲೋನೋ ಅದು ಚಲೋನೋ, ಈ ಅಕ್ಷರ ಯಾವುದು ಎಂದು ಕೇಳಬೇಕು, ಅವರು ಹೇಳಬೇಕು. ಓದುವ ಕಾರ್ಡನ್ನು ಅವಳ ಕೈಗೆ ಕೊಟ್ಟು, "ಓದು ವೈನಿ," ಎಂದೆ. ಅವಳು ಅಕ್ಷರದ ಕೆಳಗೆ ಬೆರಳು ಸರಿಸುತ್ತ ಹೋದಳು, ಕಾಣದ ಸಾಲಿಗೆ ಬಂದಾಗ ನಿಲ್ಲಿಸಿ ತಲೆ ಅಲ್ಲಾಡಿಸಿದಳು. ಗಾಜು ಬದಲಿಸಿದೆ. ಬೆರಳು ಇನ್ನೊಂದು ಸಾಲು ಇಳಿಯಿತು. ಮೂರನೆಯ ಗಾಜಿಗೆ ಕೊನೆಯ ಸಾಲು ಮುಟ್ಟಿತು. ನಂಬರ್ ಸಿಕ್ಕಿತ್ತು. ಕೆಲಸ ಮುಗಿದಿತ್ತು.

ಅಲ್ಲಿ ನನಗೆ ದುರ್ಬುದ್ಧಿ ಬಂತು. ಸರಿಯಾದ ಗಾಜು ತೆಗೆದು, ಏನೂ ಕಾಣಿಸದಂಥ ಒಂದು ಗಾಜು ಹಾಕಿದೆ. "ಇದ ಬರೋಬ್ಬರಿ ಐತಿ. ಇದನ್ನ ಹಾಕಿ ಕೊಡ್ತೇನಿ," ಎಂದೆ. ಈಗ ಬಾಯಿ ಬಿಡಲೇಬೇಕು. ಇಲ್ಲೋ ತಮ್ಮಾ, ಏನೂ ಕಾಣವಲ್ದು ಎನ್ನಲೇಬೇಕು. ಅವಳು ಕಾರ್ಡನ್ನು ಹತ್ತಿರ ತಂದಳು, ದೂರ ಹಿಡಿದಳು. ಆಮೇಲೆ ಕಾರ್ಡನ್ನು ತೊಡೆಯ ಮೇಲಿಟ್ಟು, ಮಸುಕಾದ ಆ ಗಾಜಿನೊಳಗಿನಿಂದ ನನ್ನ ಮುಖ ಇದ್ದ ಕಡೆ ನೋಡುತ್ತ ಕೂತಳು. ನಾನು ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿದಿತ್ತು. ಆರು ವರ್ಷದವನಿದ್ದಾಗಿನಿಂದ ನನ್ನ ಆಟ ಅವಳಿಗೆ ತಿಳಿಯುತ್ತಿತ್ತು. ಸರಿ ಎಂದು ತಲೆಯಾಡಿಸಿದಳು. ಕುರುಡಾಗಿಯೇ ಇರುತ್ತೇನೆ, ಪರವಾಗಿಲ್ಲ ಎಂದು.

ಗಾಜು ತೆಗೆದು ಸರಿಯಾದದ್ದನ್ನು ಮತ್ತೆ ಹಾಕಿದೆ. ತಪ್ಪಾಯಿತು ಎನ್ನಬೇಕಿತ್ತು. ಅದರ ಬದಲು, ಈ ಜಗಳದಲ್ಲಿ ನಾನು ಸೋತೆ, ನಿನ್ನ ಹರಕೆಗೆ ನನ್ನ ಒಪ್ಪಿಗೆಯೂ ಇರಲಿ ಎಂದು ಹೇಳಬೇಕೆನಿಸಿತು. ಅವಳ ಮುಂದೆ ಬಗ್ಗಿ ನಿಂತು, "ವೈನಿ, ಅಣ್ಣ ನೂರು ವರ್ಷ..." ಎಂದೆ.

ಅವನು ಇರುವತನಕ ಅವಳ ಬಾಯಿಂದ ತಮ್ಮಾ ಎಂಬ ಕರೆ ಇಲ್ಲ ಎಂಬುದು ಅಲ್ಲಿ ಅಡ್ಡ ಬಂತು, ಬಾಳಲಿ ಎನ್ನುವ ಮಾತು ಹೊರಡಲಿಲ್ಲ. ಒಂದು ಉಸಿರಿನಷ್ಟು ಹೊತ್ತು ತಡೆಯಿತು, ಆಮೇಲೆ ಬಂತು, ಹೇಳಿದೆ. ಅಷ್ಟರಲ್ಲಿ ಅವಳು ನೋಡಿಬಿಟ್ಟಿದ್ದಳು. ಆಗ ಅವಳ ಕಣ್ಣಿನ ಮೇಲೆ ಇದ್ದದ್ದು ಸರಿಯಾದ ಗಾಜು.